ಗೊತ್ತಿರುವ ಪದ, ತಪ್ಪುವ ಓದು: ಪದವ್ಯಾಪ್ತಿಯ ಸಿದ್ಧಾಂತ ಮತ್ತು ಉತ್ತರ ಬೆಂಗಳೂರಿನ ಇಂಗ್ಲಿಷ್ ಕಲಿಕೆ

ದ್ವಿತೀಯ ಭಾಷೆಯ ಓದಿನ ಗ್ರಹಿಕೆಯನ್ನು ಕುರಿತ ಸಂಶೋಧನೆಯಲ್ಲಿ ಒಂದು ಎಣಿಕೆ ಬಹುಕಾಲದಿಂದ ಭದ್ರವಾಗಿ ನೆಲೆಯೂರಿದೆ. ಪಠ್ಯವೊಂದರ ಪದಗಳಲ್ಲಿ ಎಷ್ಟು ಪಾಲು ಓದುಗರಿಗೆ ಪರಿಚಿತವೆಂದು ತಿಳಿದರೆ, ಆ ಪಠ್ಯ ಅವರಿಗೆ ಎಷ್ಟು ದಕ್ಕೀತೆಂದು ಹೇಳಬಹುದು ಎಂಬುದೇ ಆ ಎಣಿಕೆ. ಬಟಿಯಾ ಲಾಫರ್ 1989ರಲ್ಲಿ ಈ ಪಾಲನ್ನು ಶೇ. 95 ಎಂದು ಗುರುತಿಸಿದರು. ಹೂ ಮತ್ತು ಪಾಲ್ ನೇಶನ್ 2000ದಲ್ಲಿ ಅದನ್ನು ಶೇ. 98ಕ್ಕೆ ಏರಿಸಿದರು. ಆ ಮಟ್ಟವನ್ನು ಮುಟ್ಟಲು ಬರಹದ ಇಂಗ್ಲಿಷಿನಲ್ಲಿ 8,000ದಿಂದ 9,000 ಪದಕುಟುಂಬಗಳು ಬೇಕೆಂದು 2006ರಲ್ಲಿ ನೇಶನ್ ಲೆಕ್ಕ ಹಾಕಿದರು. ಶ್ಮಿಟ್, ಜಿಯಾಂಗ್ ಮತ್ತು ಗ್ರೇಬ್ ಅವರ 2011ರ ಅಧ್ಯಯನವು ಇಲ್ಲಿ ಹೊಸ್ತಿಲೆಂಬುದೊಂದು ಕಾಣುವುದಿಲ್ಲ, ಪರಿಚಿತ ಪದಗಳ ಪಾಲು ಏರಿದಂತೆ ಗ್ರಹಿಕೆಯೂ ಹೆಚ್ಚುಕಡಿಮೆ ಸಮನಾಗಿ ಏರುತ್ತದೆ ಎಂದು ತೋರಿಸಿತು. ಹೊಸ್ತಿಲು ಅಲುಗಾಡಿತು, ಅಳತೆಗೋಲು ಮಾತ್ರ ಹಾಗೆಯೇ ಉಳಿಯಿತು.

ಪ್ರಸ್ತುತ ಲೇಖನದಲ್ಲಿ ನಾವು ಪ್ರಶ್ನಿಸುವುದು ಆ ಅಳತೆಗೋಲಿನ ಮೂಲಮಾನವನ್ನೇ, ಅಂದರೆ 'ಪರಿಚಿತ ಪದ' ಎಂಬ ಕಲ್ಪನೆಯನ್ನು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕಲ್ಪನೆ ಎಷ್ಟು ಸಡಿಲವೆಂಬುದು ಕಾಣುತ್ತದೆ. ಇದು ಕ್ಷೇತ್ರಕಾರ್ಯದ ವರದಿಯಲ್ಲ, ಪರಿಕಲ್ಪನೆಯ ವಿಮರ್ಶೆ. ಮುಂದೆ ಬರುವ ಇಂಗ್ಲಿಷ್ ವಾಕ್ಯಗಳು ವಾದಕ್ಕೆಂದು ನಾವೇ ರಚಿಸಿದವು. ಕನ್ನಡದ ಬಳಕೆಗಳಾದರೋ ಈ ಭಾಗದ ಬೀದಿಗಳಲ್ಲಿ ಓಡಾಡಿದವರೆಲ್ಲರೂ ಕೇಳಿರುವಂಥವು.

ಪದಪಟ್ಟಿಯ ಇತಿಹಾಸದ ಒಂದು ಸಂಗತಿಯನ್ನು ಮೊದಲು ನೆನೆಯಬೇಕು. ಇಂಗ್ಲಿಷ್ ಕಲಿಕೆಗೆ ಆಯ್ದ ಪದಗಳನ್ನು ಕೊಡುವ ಪದ್ಧತಿ ಬೆಳೆದದ್ದರಲ್ಲಿ ನಮ್ಮ ಉಪಖಂಡದ ಪಾಲು ದೊಡ್ಡದು. ಮೈಕಲ್ ವೆಸ್ಟ್ ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಓದು ಕಲಿಸುವ ಪ್ರಯೋಗಗಳಿಂದ ಹೊರಟವರು. ದ್ವಿಭಾಷಿಕತೆಯನ್ನು ಕುರಿತ ಅವರ ವರದಿ 1926ರದು. 1953ರಲ್ಲಿ ಅವರು ಹೊರತಂದ ಜನರಲ್ ಸರ್ವಿಸ್ ಲಿಸ್ಟಿನಲ್ಲಿ ಸುಮಾರು 2,000 ಮುಖ್ಯಪದಗಳಿದ್ದವು, ಮಾತ್ರವಲ್ಲದೆ ಪ್ರತಿ ಪದದ ಯಾವ ಅರ್ಥ ಶೇಕಡಾ ಎಷ್ಟು ಸಲ ಬರುತ್ತದೆಂಬ ವಿವರವೂ ಇತ್ತು. ಅನಂತರದ ಪಟ್ಟಿಗಳು ಗಾತ್ರದಲ್ಲಿ, ಆಕರದಲ್ಲಿ, ಗಣಕದ ವೇಗದಲ್ಲಿ ವೆಸ್ಟ್ ಅವರನ್ನು ಬಹುದೂರ ಹಿಂದೆ ಹಾಕಿವೆ, ನಿಜ. ಆದರೆ ಅವು ಎಣಿಸುವುದು ರೂಪಗಳನ್ನು. ಆವ್ರಿಲ್ ಕಾಕ್ಸ್‌ಹೆಡ್ ಅವರ 2000ದ ಶೈಕ್ಷಣಿಕ ಪದಪಟ್ಟಿಯ 570 ಪದಕುಟುಂಬಗಳೂ ಹಾಗೆಯೇ ಎಣಿಸಲ್ಪಟ್ಟವು. ಒಂದೇ ರೂಪದ ಭಿನ್ನಾರ್ಥಗಳನ್ನು ಆ ಪಟ್ಟಿಯಲ್ಲಿ ವಾಂಗ್ ಮತ್ತು ನೇಶನ್ 2004ರಲ್ಲಿ ಪರಿಶೀಲಿಸಿದರಾದರೂ ಪಟ್ಟಿಯ ಸ್ವರೂಪ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ. ಅರ್ಥದ ಎಣಿಕೆ ಕಷ್ಟದ್ದು, ಯಂತ್ರಕ್ಕೆ ಆಗ ಸುಲಭವಾಗಿ ಒಗ್ಗದ್ದು. ಆದುದರಿಂದ ಕೈಬಿಟ್ಟದ್ದನ್ನು ಅರ್ಥಮಾಡಿಕೊಳ್ಳಬಹುದು. ಕೈಬಿಟ್ಟದ್ದರ ಬೆಲೆ ಎಲ್ಲ ಕಲಿಯುವವರಿಗೂ ಒಂದೇ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಈಗ ಸ್ಥಳಕ್ಕೆ ಬರೋಣ. ಯಲಹಂಕ ನ್ಯೂ ಟೌನಿನ ಮಗು ಇಂಗ್ಲಿಷ್ ಅಕ್ಷರ ಕಲಿಯುವ ಮೊದಲೇ ಸೆಕ್ಟರ್, ಫೇಸ್, ಮೇನ್, ಕ್ರಾಸ್ ಎನ್ನುತ್ತದೆ. ಆರ್.ಟಿ. ನಗರದ ವಿಳಾಸದಲ್ಲಿ ಬ್ಲಾಕ್ ಇದೆ. ಹೆಬ್ಬಾಳದತ್ತ ಹೋದರೆ ಆರ್‌ಎಂವಿ ಎರಡನೇ ಸ್ಟೇಜ್ ಇದೆ. ಎಲ್ಲೆಡೆಯೂ ಲೇಔಟ್ ಇದೆ, ಸೈಟು ಇದೆ. ಯಶವಂತಪುರದ ಮಾರುಕಟ್ಟೆಯ ಸುತ್ತ ಬೆಳೆದವರಿಗೆ ಯಾರ್ಡ್, ಲೋಡು, ರೇಟು, ಟೆಂಪೋ ಮನೆಮಾತು. ಇವೆಲ್ಲ ಕನ್ನಡದ ಪದಗಳೇ. ಕೊನೆಯ ಉಕಾರ, ದ್ವಿತ್ವ, ವಿಭಕ್ತಿ ಎಲ್ಲವನ್ನೂ ತಾಳಿದಂಥವು: ಸೈಟಿಗೆ, ಲೋಡನ್ನು, ಬಸ್ಸಿನಲ್ಲಿ. ಧ್ವನಿಯೂ ರೂಪವೂ ಕನ್ನಡವಾದಂತೆ ಅರ್ಥವೂ ಕನ್ನಡವಾಗಿದೆ, ಎಂದರೆ ಕಿರಿದಾಗಿದೆ. ಸೈಟು ಮನೆ ಕಟ್ಟುವ ನಿವೇಶನವಲ್ಲದೆ ಬೇರೇನೂ ಅಲ್ಲ. ಯಾರ್ಡ್ ಉದ್ದದ ಅಳತೆಯಲ್ಲ, ಈರುಳ್ಳಿ ಆಲೂಗಡ್ಡೆ ಇಳಿಯುವ ಜಾಗ. ಟೆಂಪೋ ಸಂಗೀತದ ಲಯವಲ್ಲ, ಸರಕು ಸಾಗಿಸುವ ಗಾಡಿ. ಎರವಲು ಪದಗಳು ಮೂಲಭಾಷೆಯ ಅರ್ಥಗಳಲ್ಲಿ ಒಂದನ್ನಷ್ಟೇ ಹೊತ್ತು ಬರುವುದು ಎಲ್ಲ ಭಾಷೆಗಳಲ್ಲಿಯೂ ಕಾಣುವ ಸಂಗತಿ. ಆದರೆ ಆ ಮೂಲಭಾಷೆಯನ್ನೇ ಶಾಲೆಯಲ್ಲಿ ಕಲಿಯಬೇಕಾದವರ ವಿಷಯದಲ್ಲಿ ಅದು ಬರಿಯ ಸಂಗತಿಯಾಗಿ ಉಳಿಯದೆ ತೊಡಕಾಗುತ್ತದೆ.

ಈ ವಾಕ್ಯವನ್ನು ನೋಡಿ: 'ದಿ ಕರೆಂಟ್ ನಿಯರ್ ದಿ ಬ್ಯಾಂಕ್ ವಾಸ್ ಟೂ ಸ್ಟ್ರಾಂಗ್ ಫಾರ್ ದಿ ಬೋಟ್'. ಇದರ 11 ಪದಗಳಲ್ಲಿ ಹೆಬ್ಬಾಳದ ಎಂಟನೆಯ ತರಗತಿಯ ವಿದ್ಯಾರ್ಥಿಗೆ ಅಪರಿಚಿತವಾದದ್ದು ಬಹುಶಃ ಒಂದೂ ಇಲ್ಲ. ಪದವ್ಯಾಪ್ತಿ ಶೇ. 100. ಆದರೆ ಕರೆಂಟ್ ಎಂದರೆ ವಿದ್ಯುತ್ತು, ಬ್ಯಾಂಕ್ ಎಂದರೆ ಹಣ ಇಡುವ ಕಚೇರಿ. ಹೊಳೆಯ ಸೆಳೆತ, ದಡ ಎರಡೂ ಮಾಯವಾಗಿ, ಬ್ಯಾಂಕಿನ ಹತ್ತಿರ ಜೋರಾಗಿದ್ದ ಕರೆಂಟಿಗೂ ದೋಣಿಗೂ ಏನು ಸಂಬಂಧವೆಂದು ಮಗು ತಡವರಿಸುತ್ತದೆ. ಇಲ್ಲಿ ದೋಣಿಯಾದರೂ ಸಹಾಯಕ್ಕಿದೆ; ಅರ್ಥ ಒಡೆದುಹೋದದ್ದನ್ನು ಅದು ತೋರಿಸಿಕೊಡುತ್ತದೆ.

ಇನ್ನೊಂದು ವಾಕ್ಯ ಇದಕ್ಕಿಂತ ಚಿಕ್ಕದು, ಇದಕ್ಕಿಂತ ಅಪಾಯದ್ದು: 'ದಿ ಹೋಟೆಲ್ ಡಸ್ ನಾಟ್ ಸರ್ವ್ ಮೀಲ್ಸ್'. ಬರೆದವರ ಮನಸ್ಸಿನಲ್ಲಿರುವುದು ತಂಗುವ ಜಾಗ. ಅಲ್ಲಿ ಆಹಾರದ ವ್ಯವಸ್ಥೆಯೇ ಇಲ್ಲ ಎಂಬುದು ವಾಕ್ಯದ ಅರ್ಥ. ಬೆಂಗಳೂರಿನ ಓದುಗರಿಗೆ ಹೋಟೆಲ್ ಎಂದರೆ ತಿನ್ನುವ ಜಾಗ, ಮೀಲ್ಸ್ ಎಂದರೆ ಅನ್ನ, ಸಾರು, ಪಲ್ಯಗಳಿರುವ ಊಟ. ಆದುದರಿಂದ ಈ ವಾಕ್ಯವನ್ನು ಅವರು 'ಊಟ ಇಲ್ಲ, ತಿಂಡಿ ಮಾತ್ರ' ಎಂದು ಸರಾಗವಾಗಿ ಓದಿ ಮುಂದಕ್ಕೆ ಹೋಗುತ್ತಾರೆ. ಇಲ್ಲಿ ಒಡೆದದ್ದು ಏನೂ ಇಲ್ಲ. ಓದು ಸುಸಂಗತವಾಗಿದೆ, ಲೋಕಾನುಭವಕ್ಕೆ ಒಪ್ಪುತ್ತದೆ, ಮತ್ತು ತಪ್ಪಾಗಿದೆ. ಅಪರಿಚಿತ ಪದ ಎದುರಾದಾಗ ಓದುಗರು ನಿಲ್ಲುತ್ತಾರೆ, ಊಹಿಸುತ್ತಾರೆ, ಕೇಳುತ್ತಾರೆ. ಪರಿಚಿತವೆನಿಸಿದ ಪದ ಹಾಗೆ ನಿಲ್ಲಲು ಬಿಡುವುದಿಲ್ಲ. ಈ ಅಪಾಯವನ್ನು ಮೊದಲು ಹೆಸರಿಸಿದವರೂ ಲಾಫರ್ ಅವರೇ. ತಮಗೆ ತಿಳಿದಿದೆಯೆಂದು ಓದುಗರು ಭಾವಿಸುವ ಪದಗಳ ಈ ಮೋಸದ ಪಾರದರ್ಶಕತೆಯನ್ನು ಅವರು ವಿವರವಾಗಿ ಚರ್ಚಿಸಿದ್ದಾರೆ. ಆದರೆ ಅವರ ಚರ್ಚೆಯ ಈ ಭಾಗ ಉಲ್ಲೇಖಗಳಲ್ಲಿ ಉಳಿಯಿತು, ಶೇ. 95 ಎಂಬ ಅಂಕಿ ತರಗತಿಗಳನ್ನು ತಲುಪಿತು.

ಎರವಲಿನ ತೊಡಕು ನಾಮಪದಗಳಿಗೆ ಮುಗಿಯುವುದಿಲ್ಲ. ಇಂಗ್ಲಿಷ್ ಕ್ರಿಯಾಪದ ಕನ್ನಡಕ್ಕೆ ಕ್ರಿಯಾಪದವಾಗಿ ಬರುವುದು ವಿರಳ. ಅದು 'ಮಾಡು' ಅಥವಾ 'ಆಗು' ಎಂಬುದರ ಆಸರೆಯಲ್ಲಿ ನಿಲ್ಲುತ್ತದೆ. ಕನ್ನಡದ ಭಾಷಾಮಿಶ್ರಣವನ್ನು ಕುರಿತ ಎಸ್.ಎನ್. ಶ್ರೀಧರ್ ಅವರ 1978ರ ಲೇಖನದ ಕಾಲದಿಂದ ಈ ಬಗೆಯ ರಚನೆಗಳು ನಮಗೆ ಚಿರಪರಿಚಿತ. 'ಕನ್‌ಫ್ಯೂಸ್ ಆದರು', 'ಕನ್‌ಫ್ಯೂಸ್ ಮಾಡಿದರು' ಎಂಬಲ್ಲಿ ಗೊಂದಲ ಯಾರದು, ಗೊಂದಲಕ್ಕೆ ಕಾರಣ ಯಾರು ಎಂಬುದನ್ನೆಲ್ಲ ಹೇಳುವುದು ಕನ್ನಡದ ಧಾತು. ಇಂಗ್ಲಿಷ್ ಪದ ಬರಿಯ ಹೆಸರಿನಂತೆ ಕುಳಿತಿದೆ. ಈಗ 'ದಿ ಡ್ರೈವರ್ ಕನ್‌ಫ್ಯೂಸ್ಡ್ ಬೈ ದಿ ಸೈನ್‌ಬೋರ್ಡ್ ಟರ್ನ್ಡ್ ಬ್ಯಾಕ್' ಎಂಬ ವಾಕ್ಯವನ್ನು ಬಿಡಿಸಲು ಆ ಧಾತು ಯಾರನ್ನು ಕರ್ತೃವಾಗಿ, ಯಾರನ್ನು ಕರ್ಮವಾಗಿ ಬೇಡುತ್ತದೆಂಬ ತಿಳಿವಳಿಕೆ ಬೇಕು. ಎರವಲಿನ ಜೊತೆಯಲ್ಲಿ ಅದು ಬಂದಿಲ್ಲ. ಪದಸಂಪತ್ತಿನ ಪರೀಕ್ಷೆ ಈ ಕೊರತೆಯನ್ನು ಕಾಣಲಾರದು. ನೇಶನ್ ಮತ್ತು ಬೆಗ್ಲರ್ ಅವರ 2007ರ ಪರೀಕ್ಷೆಯಲ್ಲಿ 140 ಪ್ರಶ್ನೆಗಳಿವೆ. ಪ್ರತಿಯೊಂದರಲ್ಲಿಯೂ ಪದವೊಂದು ಅರ್ಥವನ್ನು ಬಿಟ್ಟುಕೊಡದ ಚಿಕ್ಕ ವಾಕ್ಯದಲ್ಲಿ ಬಂದು ನಾಲ್ಕು ಆಯ್ಕೆಗಳ ಎದುರು ನಿಲ್ಲುತ್ತದೆ. ಆಯ್ಕೆಯಲ್ಲಿರುವ ಅರ್ಥ ಬೀದಿಯ ಅರ್ಥಕ್ಕೆ ಹೊಂದಿದರೆ ಅಂಕ ದೊರೆಯುತ್ತದೆ, ಹೊಂದದಿದ್ದರೆ ಇಲ್ಲ. ಮೊದಲನೆಯ ಸಂದರ್ಭದಲ್ಲಿ ವಿದ್ಯಾರ್ಥಿಯ ಜ್ಞಾನ ಇದ್ದದ್ದಕ್ಕಿಂತ ಹೆಚ್ಚಾಗಿ, ಎರಡನೆಯದರಲ್ಲಿ ಕಡಿಮೆಯಾಗಿ ದಾಖಲಾಗುತ್ತದೆ. ಜಪಾನೀ ಭಾಷೆಯೊಳಗಿನ ಇಂಗ್ಲಿಷ್ ಎರವಲುಗಳನ್ನು ಅಂತರ್ಗತ ಶಬ್ದಕೋಶವೆಂದು ಕರೆದ ಫ್ರಾಂಕ್ ಡಾಲ್ಟನ್ ಅವರ 2008ರ ಗ್ರಂಥವು ಎರವಲನ್ನು ಮುಖ್ಯವಾಗಿ ಆಸ್ತಿಯಾಗಿ ಕಾಣುತ್ತದೆ. ಆಸ್ತಿ ಹೌದು, ಅದರ ಮೇಲಿರುವ ಋಣವನ್ನೂ ಲೆಕ್ಕಕ್ಕೆ ತರಬೇಕು.

ಬೆಂಗಳೂರಿನದೇ ಒಂದು ಪರ್ಯಾಯ ನಮ್ಮ ಮುಂದಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ಜಗತ್ತು 'ಬೆಂಗಳೂರು ಯೋಜನೆ' ಎಂದೇ ಅರಿತಿರುವ ಪ್ರಯೋಗ ಅದು. ಅದರ ನಿರೂಪಣೆ 1987ರಲ್ಲಿ ಗ್ರಂಥವಾಗಿ ಬಂದಿತು. ಪಟ್ಟಿಯೂ ಇಲ್ಲ, ವ್ಯಾಕರಣದ ಕ್ರಮವೂ ಇಲ್ಲ. ನಕ್ಷೆ, ರೈಲು ವೇಳಾಪಟ್ಟಿ ಮುಂತಾದವನ್ನು ಓದಿ ತರ್ಕಿಸಿ ಉತ್ತರಕ್ಕೆ ತಲುಪುವ ಕಾರ್ಯಗಳಷ್ಟೇ. ಬೆರೆಟಾ ಮತ್ತು ಡೇವಿಸ್ 1985ರಲ್ಲಿ ಮಾಡಿದ ಮೌಲ್ಯಮಾಪನದ ಸುತ್ತ ನಡೆದ ವಾಗ್ವಾದವನ್ನು ಇಲ್ಲಿ ಮತ್ತೆ ತೆರೆಯುವ ಅಗತ್ಯವಿಲ್ಲ. ನಮಗೆ ಮುಖ್ಯವೆನಿಸುವುದು ಕಾರ್ಯದ ಒಂದು ಗುಣ: ಅದಕ್ಕೆ ಸರಿ ಉತ್ತರವಿದೆ. ಯಶವಂತಪುರದಿಂದ ಹೊರಡುವ ರೈಲಿನ ವೇಳಾಪಟ್ಟಿಯನ್ನು ತಪ್ಪಾಗಿ ಓದಿದವರ ಲೆಕ್ಕ ತಾಳೆಯಾಗುವುದಿಲ್ಲ. ಸುಸಂಗತವಾದ ತಪ್ಪು ಓದನ್ನು ಹೊರಗೆಳೆಯಲು ಇಷ್ಟು ಸರಳವಾದ ಸಾಧನ ಪದಪಟ್ಟಿಯ ಸಂಪ್ರದಾಯದಲ್ಲಿ ಇಲ್ಲ. ಆದರೂ ಪ್ರಭು ಅವರ ದೃಷ್ಟಿ ನೆಟ್ಟದ್ದು ವ್ಯಾಕರಣ ಸಾಮರ್ಥ್ಯದ ಮೇಲೆ. ಪದಸಂಪತ್ತು ಅಂಚಿನಲ್ಲಿ ಉಳಿಯಿತು. ತರಗತಿಗೆ ಬರುವ ಮಗು ತನ್ನ ಕನ್ನಡದೊಳಗೆ ತಂದ ಇಂಗ್ಲಿಷಿಗೆ ಅಲ್ಲಿ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಕಾರ್ಯ ತಪ್ಪನ್ನು ತೋರಿಸಬಲ್ಲದು, ತಪ್ಪಿನ ಕಾರಣವನ್ನು ತೋರಿಸಲಾರದು.

ಕಾರಣವನ್ನು ತೋರಿಸಲು ಕನ್ನಡ ಬೇಕು. ಬೀದಿಯ ಕನ್ನಡವಲ್ಲ, ಶಾಲೆಯ ಮತ್ತು ಫಲಕದ ಕನ್ನಡ. ಕರೆಂಟ್ ಎಂಬುದಕ್ಕೆ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿರುವ ಪದ ವಿದ್ಯುತ್ ಪ್ರವಾಹ. ಹರಿವಿನ ಕಲ್ಪನೆ ಆ ಪದದೊಳಗೇ ಇದೆ. ಹೊಳೆಯ ಕರೆಂಟಿಗೂ ತಂತಿಯ ಕರೆಂಟಿಗೂ ಇರುವ ನಂಟು ಬೀದಿಯ 'ಕರೆಂಟ್ ಹೋಯ್ತು' ಎಂಬ ಮಾತಿನಲ್ಲಿ ಅಳಿಸಿಹೋಗಿದ್ದರೂ 'ಪ್ರವಾಹ' ಎಂಬಲ್ಲಿ ಉಳಿದಿದೆ. ಸ್ಟೇಜ್ ಎಂದರೆ ವಿಳಾಸದ ತುಣುಕು, ಇಲ್ಲವೆ ಶಾಲಾ ವಾರ್ಷಿಕೋತ್ಸವದ ವೇದಿಕೆ. ಬಡಾವಣೆಯ ಫಲಕದಲ್ಲಿ ಅದೇ ಪದ '2ನೇ ಹಂತ' ಎಂದು ಕನ್ನಡದಲ್ಲಿ ಇಂಗ್ಲಿಷಿನ ಪಕ್ಕದಲ್ಲೇ ಇರುತ್ತದೆ. ರೋಗದ ಸ್ಟೇಜ್, ಪ್ರಯೋಗದ ಸ್ಟೇಜ್ ಎಂದು ಓದುವಾಗ ಬೇಕಾದ ಅರ್ಥ ಆ 'ಹಂತ'ವೇ. ಕ್ರಾಸ್ ಎಂಬುದರ ಕೆಳಗೆ ಅಡ್ಡರಸ್ತೆ ಇದೆ. 'ಅಡ್ಡ' ಎಂಬುದು ದಾಟುವಿಕೆಯ ಕಡೆಗೂ ಕೈತೋರುತ್ತದೆ. ಎರವಲು ಕಿರಿದುಗೊಳಿಸಿದ್ದನ್ನು ಅನುವಾದ ಹಿಗ್ಗಿಸಿ ಕೊಡುತ್ತಿದೆ. ಎಲ್ಲೆಡೆಯೂ ಹೀಗಾಗುವುದಿಲ್ಲ. ಬಡಾವಣೆ ಎಂಬ ಪದ ಪುಟದ ಲೇಔಟಿನತ್ತ ಒಯ್ಯದು, ಅಲ್ಲಿ ವಿನ್ಯಾಸ ಬೇಕು. ಬ್ಯಾಂಕಿಗಂತೂ ಸೇತುವೆಯೇ ಇಲ್ಲ, ದಡವನ್ನು ಹೊಸ ಪದವಾಗಿಯೇ ಕಲಿಸಬೇಕು. ಬಹ್ವರ್ಥವನ್ನೂ ಸಮರೂಪ ಭಿನ್ನಪದವನ್ನೂ ಬೇರ್ಪಡಿಸುವ ನೇಶನ್ ಅವರ ಎಚ್ಚರ ಇಲ್ಲಿ ನಿಜಕ್ಕೂ ಉಪಯುಕ್ತ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೆಯ ತರಗತಿಯಿಂದ ವಿಷಯವಾಗಿ ಬಂದದ್ದು 2007ರಲ್ಲಿ. ಆದರೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ ಪಿಯುಸಿಗೆ ಇಂಗ್ಲಿಷ್ ಮಾಧ್ಯಮಕ್ಕೆ ದಾಟುವವರು ಪುಸ್ತಕದ ಎದುರು ಕುಸಿಯುವುದನ್ನು ನಾವು ನೋಡುತ್ತಲೇ ಇದ್ದೇವೆ. 'ಪದಸಂಪತ್ತು ಸಾಲದು' ಎಂದು ಅವರಿಗೆ ಪಟ್ಟಿ ಹಂಚಲಾಗುತ್ತದೆ. ನಾವೂ ಹಾಗೆ ಹಂಚಿದವರೇ. ಪಟ್ಟಿಯ ಮೊದಲ ಪುಟದಲ್ಲಿ ಗೊತ್ತಿರುವ ಪದಗಳಿಗೆಲ್ಲ ಗುರುತು ಹಾಕಿಕೊಂಡು ಬನ್ನಿ ಎಂದು ಹೇಳಿ, ಗುರುತು ಬಿದ್ದವುಗಳನ್ನು ಬಿಟ್ಟು ಉಳಿದವುಗಳನ್ನು ಕಲಿಸುತ್ತಿದ್ದೆವು. ಬಿಟ್ಟವುಗಳಲ್ಲಿ ಸೈಟ್, ಸ್ಟೇಜ್, ಕರೆಂಟ್, ಚಾರ್ಜ್ ಎಲ್ಲವೂ ಇದ್ದವು. ಭೌತಶಾಸ್ತ್ರದ ಒಂದು ಅಧ್ಯಾಯವೇ ಚಾರ್ಜ್ ಎಂಬ ಪದದ ಮೇಲೆ ನಿಂತಿರುವಾಗ, ಆ ಪದ ಮೊಬೈಲಿಗೆ ಹಾಕುವಂಥದ್ದು, ಆಟೋದವರು ಕೇಳುವಂಥದ್ದು ಎಂಬ ಅರ್ಥದಲ್ಲಿ 'ಗೊತ್ತಿದೆ'. ಅದಕ್ಕೆ ಪಠ್ಯಪುಸ್ತಕ ಕೊಟ್ಟಿದ್ದ ವಿದ್ಯುದಾವೇಶ ಎಂಬ ಪದ ಅದೇ ವಿದ್ಯಾರ್ಥಿಗೆ ಒಂದು ವರ್ಷದ ಹಿಂದೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ತರಗತಿಯಲ್ಲಿ ಅದನ್ನು ನೆನಪಿಸುವವರಿರಲಿಲ್ಲ.

ನಮ್ಮ ವಾದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪವೊಂದಿದೆ. ಉತ್ತರ ಬೆಂಗಳೂರಿನ ತರಗತಿಯಲ್ಲಿ ಎಲ್ಲರ ಮನೆಮಾತು ಕನ್ನಡವಲ್ಲ. ತೆಲುಗು, ತಮಿಳು, ದಖ್ಖನಿ ಉರ್ದು, ಈಗೀಗ ಹಿಂದಿ ಎಲ್ಲವೂ ಇವೆ. ಅಂದಮೇಲೆ ಕನ್ನಡದ ಸೇತುವೆ ಯಾರಿಗೆ? ಗಮನಿಸಬೇಕಾದದ್ದೆಂದರೆ, ಎರವಲಿನ ತೊಡಕು ಕನ್ನಡಕ್ಕೆ ಸೀಮಿತವಲ್ಲ. ತಿನ್ನುವ ಹೋಟೆಲ್, ವಿದ್ಯುತ್ತಿನ ಕರೆಂಟ್ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಹಾಗೆಯೇ ಇವೆ. ಭಾರತವನ್ನು ಒಂದು ಭಾಷಿಕ ವಲಯವೆಂದು 1956ರಲ್ಲಿ ಎಮೆನೋ ವಾದಿಸಿದಾಗ ಅವರ ಮುಂದೆ ಇದ್ದದ್ದು ಹಳೆಯ ರಚನೆಗಳು. ಇಂಗ್ಲಿಷ್ ಎರವಲಿನ ಈ ಹೊಸ ಪದರವೂ ವಲಯದ ಲಕ್ಷಣವೆಂದೇ ನಾವು ಭಾವಿಸುತ್ತೇವೆ. ಆದುದರಿಂದ ತೊಡಕಿನ ಪದಗಳನ್ನು ಗುರುತಿಸುವ ಕೆಲಸ ಬಹುಪಾಲು ಒಮ್ಮೆ ಮಾಡಿದರೆ ಸಾಕು. ಬಿಡಿಸುವ ಕೆಲಸ ಹಾಗಲ್ಲ: 'ಹಂತ' ನೆರವಾಗುವುದು ಕನ್ನಡ ಮಾಧ್ಯಮದವರಿಗೆ, ಉರ್ದು ಶಾಲೆಯಿಂದ ಬಂದವರಿಗೆ 'ಮರ್ಹಲಾ' ಬೇಕು, ತೆಲುಗಿನಲ್ಲಿ ಓದಿದವರಿಗೆ 'ದಶ'. ಪದಸಂಪತ್ತಿನ ಪರೀಕ್ಷೆಯೊಂದು ಈ ಊರಿಗೆಂದು ಸಿದ್ಧವಾಗುವುದಾದರೆ, ಪ್ರತಿ ಪದದ ಎದುರು ಸರಿ, ತಪ್ಪು ಎಂಬ ಎರಡು ಗುರುತುಗಳು ಸಾಲವು. ಎರವಲಿನ ಅರ್ಥ ಮಾತ್ರ ತಿಳಿದಿದೆ ಎಂಬ ಮೂರನೆಯ ಗುರುತೊಂದು ಬೇಕು, ಮತ್ತು ಆ ಗುರುತು ಬಿದ್ದ ಪದವನ್ನು ವ್ಯಾಪ್ತಿಯ ಲೆಕ್ಕದಲ್ಲಿ ಪರಿಚಿತ ಪದಗಳ ಸಾಲಿಗೆ ಸೇರಿಸಬಾರದು.