‘ಸಂಜದ’ ಪಾಠ: ಪ್ರತಿಗಳ ಎಣಿಕೆ ಮತ್ತು ತೂಕ

ಹಲವು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೆ ಅದನ್ನೇ ಮೂಲಪಾಠವೆಂದು ನಿರ್ಣಯಿಸುವ ವಾಡಿಕೆ ಗ್ರಂಥಸಂಪಾದನೆಯಲ್ಲಿ ಇನ್ನೂ ತೊಲಗಿಲ್ಲ. ಇದರ ದೋಷವನ್ನು ಷಟ್ಖಂಡಾಗಮದ ಜೀವಸ್ಥಾನ, ಸತ್ಪ್ರರೂಪಣೆಯ 93ನೆಯ ಸೂತ್ರವು ಚೆನ್ನಾಗಿ ತೋರಿಸುತ್ತದೆ.

ಮಾನುಷಿಯರು ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರು ಎಂಬುದು ಸೂತ್ರದ ವಿಷಯ. ಡಾ. ಹೀರಾಲಾಲ ಜೈನರು ಧವಳಾಟೀಕೆಯ ಮೊದಲ ಸಂಪುಟವನ್ನು 1939ರಲ್ಲಿ ಪ್ರಕಟಿಸಿದಾಗ ಅವರಿಗೆ ದೊರೆತಿದ್ದ ಪ್ರತಿಗಳಲ್ಲಿ ‘ಸಂಜದಾಸಂಜದ’ದ ಮುಂದೆ ‘ಸಂಜದ’ ಎಂಬ ಪದವಿರಲಿಲ್ಲ. ಅದು ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಲಾಯಿತು. ಪ್ರತಿಗಳಲ್ಲಿಲ್ಲದ ಪದವನ್ನು ಆಗಮಕ್ಕೆ ಸೇರಿಸಬಹುದೇ ಎಂಬ ಆಕ್ಷೇಪವೆದ್ದಿತು. ದ್ರವ್ಯಸ್ತ್ರೀಗೆ ಸಂಯಮವನ್ನೂ, ಆ ಮೂಲಕ ಮುಕ್ತಿಯನ್ನೂ ಒಪ್ಪಿದಂತಾದೀತೆಂಬ ಭಯ ಅದರ ಹಿಂದಿತ್ತು.

ಆ ಪ್ರತಿಗಳ ಸಾಕ್ಷ್ಯಕ್ಕೆ ಬೆಲೆಯೆಷ್ಟು? ಅಮರಾವತಿ, ಆರಾ, ಕಾರಂಜಾ ಎಂದು ಊರುಗಳು ಬೇರೆ, ವಂಶ ಒಂದೇ. ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಡಪತ್ರಗಳಿಂದ ಮಾಡಿ ಹೊರಗೆ ಒಯ್ದ ನಕಲಿನ ಸಂತಾನ ಅವು. ಮೂರು ಕಡೆ ನುಡಿದರೂ ಸಾಕ್ಷಿ ಒಬ್ಬನೇ. ‘ಸಂಜದಾಸಂಜದ’ದ ಕೊನೆಯಿಂದ ಮುಂದಿನ ‘ಸಂಜದ’ದ ಕೊನೆಗೆ ಲಿಪಿಕಾರನ ಕಣ್ಣು ಜಾರುವುದೂ ಸುಲಭ. ಅದೇ ಪದವನ್ನು ಎರಡು ಸಲ ಬರೆದುಬಿಡುವುದೂ ಅಷ್ಟೇ ಸುಲಭವಲ್ಲವೇ ಎಂದು ಕೇಳಿದರೆ, ನ್ಯಾಯವಾದ ಪ್ರಶ್ನೆಯೇ. ಆದುದರಿಂದಲೇ ಅಕ್ಷರಗಳಾಚೆಗೆ ಪ್ರಮಾಣವನ್ನು ಅರಸಬೇಕು.

ವೀರಸೇನಾಚಾರ್ಯರು ಈ ಸೂತ್ರದ ಟೀಕೆಯಲ್ಲಿಯೇ, ಇದೇ ಆರ್ಷದಿಂದ ದ್ರವ್ಯಸ್ತ್ರೀಯರಿಗೆ ನಿರ್ವಾಣವು ಸಿದ್ಧವಾಗುವುದಿಲ್ಲವೇ ಎಂಬ ಪೂರ್ವಪಕ್ಷವನ್ನೆತ್ತುತ್ತಾರೆ. ಸವಸ್ತ್ರರಾದವರಿಗೆ ಸಂಯಮವು ಘಟಿಸದೆಂದೂ, ಹದಿನಾಲ್ಕು ಗುಣಸ್ಥಾನಗಳ ಮಾತು ಭಾವಸ್ತ್ರೀವಿಶಿಷ್ಟವಾದ ಮನುಷ್ಯಗತಿಗೆ ಸಂಬಂಧಿಸಿದ್ದೆಂದೂ ಸಮಾಧಾನ ಹೇಳುತ್ತಾರೆ. ಸೂತ್ರವು ಐದನೆಯ ಗುಣಸ್ಥಾನಕ್ಕೆ ನಿಂತಿದ್ದರೆ ಇಂತಹ ಶಂಕೆಗೆ ಅವಕಾಶವೆಲ್ಲಿ? ದ್ರವ್ಯಪ್ರಮಾಣಾನುಗಮದಲ್ಲಿಯೂ ಸೂತ್ರಕಾರರು ಮಾನುಷಿಯರ ಗಣನೆಯನ್ನು ಅಯೋಗಿಕೇವಲಿಯವರೆಗೆ ಒಯ್ದಿದ್ದಾರೆ. ಇವೂ ಅದೇ ಪ್ರತಿಗಳಲ್ಲಿ ಉಳಿದುಬಂದವು, ನಿಜ. ಆದರೆ ಕೈತಪ್ಪಿನಿಂದ ಒಂದು ಪದ ಬಿದ್ದುಹೋದೀತು; ಪೂರ್ವಪಕ್ಷ, ಸಮಾಧಾನಗಳ ಸರಣಿ ಹುಟ್ಟಲಾರದು.

ಸಂದೇಹವನ್ನು ಮೂಲದಲ್ಲಿ ಬೆರೆಸದೆ ಅಡಿಟಿಪ್ಪಣಿಯಲ್ಲಿಟ್ಟುದು ಸಂಪಾದಕರ ವಿವೇಕ. ಆಕ್ಷೇಪಿಸಿದವರು ಸಿದ್ಧಾಂತದ ಮೇಲಿನ ಭಕ್ತಿಯನ್ನೇ ಪಾಠದ ಸಾಕ್ಷಿಯನ್ನಾಗಿ ಮಾಡಿಕೊಂಡರು. ಸಿದ್ಧಾಂತಕ್ಕೆ ಬಾಧೆಯಿಲ್ಲವೆಂದು ಟೀಕಾಕಾರರೇ ತೋರಿಸಿದ್ದುದನ್ನು ಲಕ್ಷಿಸಲಿಲ್ಲ. ಮುಂದೆ ಮೂಡಬಿದಿರೆಯ ತಾಡಪತ್ರಗಳೊಡನೆ ಪಾಠವನ್ನು ಹೋಲಿಸಿದಾಗ ‘ಸಂಜದ’ ಪದವು ಅಲ್ಲಿ ದೊರೆಯಿತು. ಅದನ್ನೂ ಪ್ರಕ್ಷಿಪ್ತವೆನ್ನುವವರು ಧವಳೆಯ ಆ ಪೂರ್ವಪಕ್ಷವನ್ನೂ ಪ್ರಕ್ಷಿಪ್ತವೆನ್ನಬೇಕಾಗುತ್ತದೆ.