ಕುಂತಿಗೆ ಗೊತ್ತಿದ್ದದ್ದು: 'ಪರ್ವ'ದಲ್ಲಿ ಪಾಂಡುವಿನ ಚಿಕಿತ್ಸೆ

ಎಸ್. ಎಲ್. ಭೈರಪ್ಪನವರ 'ಪರ್ವ' 1979ರಲ್ಲಿ ಪ್ರಕಟವಾದಂದಿನಿಂದ ಅದರ ಕೀರ್ತಿ ಹೆಚ್ಚುಕಡಿಮೆ ಒಂದೇ ಆಧಾರದ ಮೇಲೆ ನಿಂತಿದೆ. ಮಹಾಭಾರತದಿಂದ ಶಾಪ, ವರ, ಪವಾಡಗಳನ್ನು ಕಳಚಿ, ಉಳಿದ ಮನುಷ್ಯರನ್ನು ಅವರ ಕಾಲದ ಆಚಾರ, ಆಹಾರ, ಆಯುಧಗಳ ನಡುವೆ ನಿಲ್ಲಿಸಿದ ಕಾದಂಬರಿ ಎಂಬ ಮಾತನ್ನು ಮೆಚ್ಚಿದವರೂ ಹೇಳಿದ್ದಾರೆ, ಒಪ್ಪದವರೂ ಹೇಳಿದ್ದಾರೆ. ಈ ಮಾತು ಸುಳ್ಳಲ್ಲವಾದರೂ ಕೃತಿಯ ನಿಜವಾದ ಸಾಧನೆಯನ್ನು ಅದು ಮುಟ್ಟುವುದಿಲ್ಲ. ವಿದುರನ ಮನೆಯಲ್ಲಿ ಯುದ್ಧದ ಸುದ್ದಿಗೆ ಕಾಯುತ್ತ ಕುಳಿತ ಮುದುಕಿ ಕುಂತಿಯ ನೆನಪುಗಳಾಗಿ ಬರುವ ಭಾಗದಲ್ಲಿ, ಗಂಡನ ದೋಷದಿಂದ ಮಕ್ಕಳಾಗದ ದಂಪತಿ ವೈದ್ಯ, ಔಷಧ, ಎರಡನೆಯ ಮದುವೆ, ಹಿಮಾಲಯವಾಸ, ಕಡೆಗೆ ನಿಯೋಗ ಎಂದು ಒಂದೊಂದೇ ಮೆಟ್ಟಿಲು ಹತ್ತುವ ವೃತ್ತಾಂತವಿದೆ. ಈ ವಿಷಯದ ಮೇಲೆ ಕನ್ನಡ ಗದ್ಯದಲ್ಲಿ ಬಂದಿರುವ ಬರವಣಿಗೆಯಲ್ಲಿ ಇದಕ್ಕಿಂತ ಮೇಲಾದುದಿಲ್ಲ. ಕೃತಿಯ ಅತ್ಯಂತ ಗಂಭೀರ ದೋಷವೂ ಇದೇ ಭಾಗದಲ್ಲಿದೆ. ಪವಾಡವನ್ನು ಕಳಚಿದ ಜಾಣ್ಮೆಯನ್ನು ಎಣಿಸುವುದರಲ್ಲಿ ತೊಡಗಿದ ವಿಮರ್ಶೆಗೆ ಇವೆರಡೂ ಕಾಣಲಿಲ್ಲ.

ಮೂಲದ ಕಥೆ ಎಲ್ಲರಿಗೂ ತಿಳಿದದ್ದೇ. ಜಿಂಕೆಯ ರೂಪದಲ್ಲಿ ಕೂಡಿದ್ದ ಕಿಂದಮನೆಂಬ ಋಷಿಯನ್ನು ಪಾಂಡು ಬೇಟೆಯಲ್ಲಿ ಕೊಂದು, ಹೆಣ್ಣನ್ನು ಕೂಡಿದರೆ ಸಾಯುವೆಯೆಂಬ ಶಾಪವನ್ನು ಪಡೆಯುತ್ತಾನೆ. ಈ ಶಾಪ ಪಾಂಡುವಿನ ಮಾನವನ್ನು ಕಾಯುತ್ತದೆ ಎಂಬುದನ್ನು ಗಮನಿಸಬೇಕು: ಅವನ ದೇಹದಲ್ಲಿ ಕೊರತೆಯೇನೂ ಇಲ್ಲ, ಅಡ್ಡಿ ಹೊರಗಿನದು, ಅದೂ ಕ್ಷತ್ರಿಯನಿಗೆ ಸಹಜವಾದ ಬೇಟೆಯಿಂದ ಬಂದದ್ದು. ಭೈರಪ್ಪನವರು ಈ ರಕ್ಷಣೆಯನ್ನು ತೆಗೆದುಹಾಕಿದಾಗ ಉಳಿಯುವುದು ಮೊದಲ ರಾತ್ರಿಯಿಂದಲೇ ಹೆಂಡತಿಯ ಮುಂದೆ ತಲೆತಗ್ಗಿಸಿದ ಒಬ್ಬ ಅರಸ, ಮತ್ತು ಆ ಸಂಗತಿಯನ್ನು ಯಾರಿಗೂ ಹೇಳಲಾಗದ ಹೆಂಡತಿ. ದಿಗ್ವಿಜಯದ ದಂಡಯಾತ್ರೆಗೂ ಈ ಸಂದರ್ಭದಲ್ಲಿ ಹೊಸ ಅರ್ಥ ಬರುತ್ತದೆ. ಶಯನಗೃಹದಿಂದ ದೂರವಿರಲು ಅರಸನಿಗೆ ಯುದ್ಧಕ್ಕಿಂತ ಗೌರವದ ನೆಪ ಬೇರೊಂದಿಲ್ಲ.

ಇಲ್ಲಿ ಕಾದಂಬರಿಕಾರರು ಮೂಲದಿಂದಲೇ ಎತ್ತಿಕೊಂಡು ಪೂರ್ತಿಯಾಗಿ ದುಡಿಸಿಕೊಂಡ ಒಂದು ಸಂಗತಿಯಿದೆ. ಕುಂತಿ ಮದುವೆಗೆ ಮೊದಲೇ ಒಂದು ಮಗುವನ್ನು ಹೆತ್ತವಳು. ಪುರಾಣದ ಕಥನದಲ್ಲಿ ಕರ್ಣನ ಜನನ ಅವಳ ಕಳಂಕ, ಮುಂದಿನ ಯುದ್ಧಕ್ಕೆ ಬೇಕಾದ ದುರಂತದ ಬೀಜ. ಹಸ್ತಿನಾವತಿಯ ಅಂತಃಪುರದಲ್ಲಿ ತಿಂಗಳುಗಳು ಉರುಳಿದರೂ ಸೊಸೆ ಬಸಿರಾಗಲಿಲ್ಲವೆಂಬ ಪಿಸುಮಾತು ಏಳುವಾಗ ಅದೇ ಜನನ ಬೇರೊಂದು ಕೆಲಸ ಮಾಡುತ್ತದೆ. ತನ್ನ ಗರ್ಭದಲ್ಲಿ ದೋಷವಿಲ್ಲವೆಂಬುದಕ್ಕೆ ಜಗತ್ತಿನಲ್ಲಿ ಸಾಧ್ಯವಿರುವ ಅತ್ಯಂತ ಖಚಿತವಾದ ಸಾಕ್ಷ್ಯ ಅವಳ ಬಳಿ ಇದೆ. ಅದನ್ನು ಮುಂದಿಟ್ಟರೆ ಗರ್ಭದ ಮೇಲಿನ ಅಪವಾದ ಕಳೆದು ಶೀಲದ ಮೇಲಿನ ಅಪವಾದ ಬರುತ್ತದೆ. ಆದ್ದರಿಂದ ತಿಳಿದವಳು ತಿಳಿಯದವಳಂತೆ ಇರಬೇಕು, ದೋಷವಿಲ್ಲದವಳು ದೋಷವುಳ್ಳವಳಂತೆ ನಡೆದುಕೊಳ್ಳಬೇಕು. ಈ ಬಿಗಿಯಾದ ಕಟ್ಟನ್ನು ಭೈರಪ್ಪನವರು ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ವಾದಿಸುವ ಪಾತ್ರಗಳಿಗೆ ಹೆಸರಾದ ಈ ಲೇಖಕರು ಕುಂತಿಯ ಬಾಯಿಂದ ವಾದವನ್ನು ಹೊರಡಿಸುವುದಿಲ್ಲ. ಹಳೆಯದು ಮತ್ತು ಇಂದಿನದು ಒಂದರೊಳಗೊಂದು ಹರಿಯುವ ಸ್ವಗತದಲ್ಲಿ, ಮುದುಕಿಯ ದಿನನಿತ್ಯದ ಕೆಲಸಗಳ ನಡುವೆ, ಆ ಅರಿವು ಮತ್ತೆ ಮತ್ತೆ ಮೇಲೇಳುತ್ತದೆ, ಮತ್ತೆ ಮುಳುಗುತ್ತದೆ. ಅಷ್ಟು ಹಿಂದಿನ ಮೌನವನ್ನು ಇಷ್ಟು ವರ್ಷಗಳ ಮೇಲೂ ಅವಳು ಮುರಿಯುವುದು ತನ್ನೊಳಗೆ ಮಾತ್ರ ಎಂಬುದರಿಂದಲೇ ಈ ತಂತ್ರ ಇಲ್ಲಿ ಅನಿವಾರ್ಯವೆನಿಸುತ್ತದೆ. ಕಾದಂಬರಿಯ ಉಳಿದೆಡೆ ಇದೇ ತಂತ್ರ ಮಾಹಿತಿಯನ್ನು ತುಂಬುವ ಅನುಕೂಲವಾಗಿ ಬಳಕೆಯಾಗಿರುವುದೂ ಉಂಟು.

ಮಾದ್ರಿ ಬರುವುದು ಈ ಹಂತದಲ್ಲಿ. ಭೀಷ್ಮನು ಮದ್ರದೇಶದ ಪದ್ಧತಿಯಂತೆ ಕನ್ಯಾಶುಲ್ಕ ತೆತ್ತು ಶಲ್ಯನ ತಂಗಿಯನ್ನು ತರುತ್ತಾನೆ. ಮೂಲದಲ್ಲಿ ಇದು ಅರಸರ ಬಹುಪತ್ನೀತ್ವದ ಒಂದು ಸಾಮಾನ್ಯ ಪ್ರಸಂಗ. ಕಾದಂಬರಿಯಲ್ಲಿ ಅದು ಒಂದು ಪರೀಕ್ಷೆಯಾಗುತ್ತದೆ. ದೋಷ ಕ್ಷೇತ್ರದ್ದೋ ಬೀಜದ್ದೋ ಎಂದು ತಿಳಿಯಲು ಗಂಡಸಿನ ದೇಹವನ್ನು ನೋಡುವ ಬದಲು ಇನ್ನೊಂದು ಹೆಣ್ಣನ್ನು ಆ ಮನೆಗೆ ಹೊಗಿಸಲಾಗುತ್ತದೆ, ಮತ್ತು ಆ ಹೆಣ್ಣೂ ಬಸಿರಾಗದಿದ್ದಾಗಲೇ ಸಂಶಯ ಗಂಡಸಿನ ಕಡೆ ತಿರುಗುತ್ತದೆ. ಸವತಿಯರಾಗಿ ಹಗೆಯಿಂದ ಆರಂಭಿಸಿದ ಇಬ್ಬರನ್ನೂ ಒಂದೇ ಗುಟ್ಟು ಒಂದಾಗಿಸುವ ಪುಟಗಳಲ್ಲಿ ಕನಿಕರವೂ ಇದೆ, ಕ್ರೌರ್ಯವೂ ಇದೆ. ಮಾದ್ರಿಯ ಯೌವನ ಒಂದು ಪರೀಕ್ಷೆಯ ಸಲಕರಣೆಯಾಗಿ ಖರ್ಚಾಯಿತೆಂಬುದನ್ನು ಓದುಗರು ಕುಂತಿಯ ಕಣ್ಣಿನಿಂದಲೇ ಕಾಣುತ್ತಾರೆ.

ಈ ಪುಟಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಂ ಸೀಮೆಯಲ್ಲಿ ಓದುವವರಿಗೆ ಅವು ದ್ವಾಪರದ ಸಂಗತಿಯಾಗಿ ತೋರಲಾರವು. ಭೈರಪ್ಪನವರು ಹುಟ್ಟಿದ ಸಂತೇಶಿವರ ಇರುವುದು ನಾಗಮಂಗಲ, ಕೃಷ್ಣರಾಜಪೇಟೆಗಳಿಗೆ ಗಡಿ ತಾಗಿದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಪಾಂಡವಪುರದ ಬಳಿಯ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ತಂಗಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ಈ ಸೀಮೆಯಲ್ಲಿ ಮಕ್ಕಳಿಲ್ಲದ ಮನೆಗಳ ಹೆಂಗಸರು ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುತ್ತಾರೆ, ಕಾವೇರಿಯ ದಡದ ನಿಮಿಷಾಂಬೆಗೆ ಹರಕೆ ಹೊರುತ್ತಾರೆ, ಬೆಂಗಳೂರು ದಾರಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸುತ್ತಾರೆ. ಹರಕೆಯಲ್ಲಿ ತಪ್ಪೇನೂ ಇಲ್ಲ. ಹರಕೆ ಹೊರುವವಳೂ ಉಪವಾಸ ಮಾಡುವವಳೂ ಮೈಸೂರಿನ ಆಸ್ಪತ್ರೆಯಲ್ಲಿ ಮೊದಲು ಪರೀಕ್ಷೆಗೆ ಮಲಗುವವಳೂ ಹೆಂಗಸೇ ಆಗಿರುವ ಕ್ರಮ ಮಾತ್ರ ಹಸ್ತಿನಾವತಿಯದೇ. ಬಂಜೆತನದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಪಾಲು, ಒಂಟಿಯಾಗಿಯೋ ಹೆಣ್ಣಿನ ತೊಂದರೆಯೊಡನೆ ಸೇರಿಯೋ, ಇರುತ್ತದೆಂದು ವೈದ್ಯಶಾಸ್ತ್ರ ಒಪ್ಪಿದೆ. ಅದನ್ನು ತಿಳಿಯಲು ಬೇಕಾದ ಮೊದಲ ಪರೀಕ್ಷೆ, ವೀರ್ಯಪರೀಕ್ಷೆ, ಇಡೀ ಸರಣಿಯಲ್ಲಿ ಅತ್ಯಂತ ಅಗ್ಗವಾದದ್ದು, ನೋವಿಲ್ಲದ್ದು. ಹೀಗಿದ್ದೂ ಗಂಡನ ಪರೀಕ್ಷೆ ಕೊನೆಗೆ ಉಳಿಯುವ ಮನೆಗಳಲ್ಲಿ ಎರಡನೆಯ ಮದುವೆಯ ಮಾತು ಈಗಲೂ ಏಳುತ್ತದೆ. ಮಾದ್ರಿಯ ಪ್ರಸಂಗದ ಕಟುತ್ವ ಇರುವುದು ಅದರ ಈ ನಿಕಟತೆಯಲ್ಲಿ.

ಕಾದಂಬರಿಯ ದೋಷವೂ ಇಲ್ಲಿಂದಲೇ ಆರಂಭವಾಗುತ್ತದೆ. ಶಾಪವನ್ನು ತೆಗೆದ ಜಾಗದಲ್ಲಿ ಭೈರಪ್ಪನವರು ಇಟ್ಟದ್ದು ನಪುಂಸಕತೆ, ಅಂದರೆ ಕೂಡುವ ಶಕ್ತಿಯೇ ಇಲ್ಲದ ಸ್ಥಿತಿ. ಗಂಡಸಿನ ಬಂಜೆತನ ಮತ್ತು ನಪುಂಸಕತೆ ಒಂದೇ ಅಲ್ಲ. ಕೂಡುವುದರಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳು ಕಡಿಮೆ ಇರಬಹುದು, ಚಲಿಸದಿರಬಹುದು, ಒಂದೂ ಇಲ್ಲದಿರಬಹುದು; ಒಂದೂ ಇಲ್ಲದ ಸ್ಥಿತಿಗೆ ವೈದ್ಯರು ಅಜೂಸ್ಪರ್ಮಿಯ ಎನ್ನುತ್ತಾರೆ. ಹರೆಯಕ್ಕೆ ಬಂದ ಮೇಲೆ ತಗಲಿದ ಮಂಗಬಾವು ವೃಷಣಕ್ಕೆ ಇಳಿದದ್ದು, ವೃಷಣದ ರಕ್ತನಾಳಗಳು ಉಬ್ಬುವ ವೇರಿಕೋಸೀಲ್, ವೀರ್ಯನಾಳದ ಅಡಚಣೆ, ವರ್ಣತಂತುಗಳ ದೋಷ, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಬಹುಪಾಲು ಗಂಡಸಿಗೆ ತಾನಾಗಿ ತಿಳಿಯುವಂಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಗಡಿಯೆಂದು ಸೂಚಿಸುತ್ತದೆ, ಆ ಸಂಖ್ಯೆಗೂ ಪೌರುಷಕ್ಕೂ ಯಾವ ಸಂಬಂಧವೂ ಇಲ್ಲ. ಪರೀಕ್ಷೆಗೆ ಒಪ್ಪದ ಗಂಡಸಿನ ಮನಸ್ಸಿನಲ್ಲಿ ಈ ಎರಡೂ ಬೆರೆತುಹೋಗಿರುವುದೇ ಅವನ ಅಂಜಿಕೆಗೆ ಮೂಲ, ಮತ್ತು 'ಪರ್ವ' ಆ ಬೆರಕೆಯನ್ನು ಬಿಡಿಸುವ ಬದಲು ಗಟ್ಟಿಮಾಡುತ್ತದೆ.

ಆ ಕಾಲದ ಅರಿವು ಅಷ್ಟೇ ಇತ್ತೆಂದು ಕಾದಂಬರಿಕಾರರನ್ನು ಸಮರ್ಥಿಸಲು ಬರುವುದಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಕ್ಲೈಬ್ಯವನ್ನು, ಎಂದರೆ ಸಂತಾನಕ್ಕೆ ಗಂಡಸಿನಲ್ಲಿರುವ ಅಸಾಮರ್ಥ್ಯವನ್ನು, ನಾಲ್ಕು ಬಗೆಯಾಗಿ ಒಡೆಯುತ್ತದೆ: ಬೀಜಕ್ಕೆ ತಗಲಿದ ಕೆಡುಕು ಬೀಜೋಪಘಾತ, ಅಂಗದ ವೈಫಲ್ಯ ಧ್ವಜಭಂಗ, ಮುಪ್ಪಿನಿಂದ ಬರುವುದು ಜರಾ, ಶುಕ್ರ ಕುಗ್ಗಿ ಬರುವುದು ಶುಕ್ರಕ್ಷಯ. ಒಂದೇ ಹೆಸರಿನಡಿ ಸೇರಿಸಿಯೂ ಬೀಜದ ದೋಷವನ್ನು ಅಂಗದ ದೋಷದಿಂದ ಬೇರ್ಪಡಿಸಿದ ಪರಂಪರೆ ಈ ನೆಲದ್ದೇ ಆಗಿದ್ದಾಗ, ರಥದ ಕೀಲಿನಿಂದ ಮದ್ರರ ಮದುವೆಯವರೆಗೆ ಹುಡುಕಿ ಬರೆದ ಲೇಖಕರು ಈ ಒಂದೆಡೆ ಸುಲಭದ ದಾರಿ ಹಿಡಿದರು. ಮೊದಲ ರಾತ್ರಿಯ ಸೋಲು ನಾಟಕೀಯವಾದದ್ದು, ಬರೆಯಲು ಒದಗುವಂಥದ್ದು. ಎಲ್ಲವೂ ಸರಿಯಿದ್ದೂ ಏನೂ ಫಲಿಸದ ತಿಂಗಳುಗಳನ್ನು ಬರೆಯುವುದು ಕಷ್ಟ. ಬೀಜೋಪಘಾತದ ಪಾಂಡುವಾಗಿದ್ದರೆ ಕುಂತಿ ಮಾತ್ರವಲ್ಲ, ಪಾಂಡುವೂ ದೀರ್ಘಕಾಲ ಏನೂ ತಿಳಿಯದೆ ನರಳಬೇಕಾಗುತ್ತಿತ್ತು, ಮತ್ತು ತಾನು ಹೆತ್ತವಳೆಂಬ ಗುಟ್ಟಿನಿಂದ ಸತ್ಯವನ್ನು ಮೊದಲು ಊಹಿಸಬಲ್ಲವಳು ಕುಂತಿಯೊಬ್ಬಳೇ ಆಗಿರುತ್ತಿದ್ದಳು. ಕಾದಂಬರಿ ತಾನೇ ಕಂಡುಕೊಂಡ ಆ ಅಪೂರ್ವ ಸನ್ನಿವೇಶವನ್ನು ಹೀಗೆ ಅರ್ಧಕ್ಕೆ ಬಿಟ್ಟಿತು.

ಹಿಮಾಲಯದ ಭಾಗದಲ್ಲಿ ಬರಹ ಮತ್ತೆ ಎತ್ತರಕ್ಕೆ ಏರುತ್ತದೆ. ದೇವತೆಗಳು ಇಲ್ಲಿ ಬೆಟ್ಟದ ಮೇಲಣ ಒಂದು ಜನಾಂಗ; ಧರ್ಮಾಧಿಕಾರಿ, ಸೇನೆಯ ಬಲಶಾಲಿ, ಒಡೆಯನಾದ ಇಂದ್ರ, ವೈದ್ಯರಾದ ಅಶ್ವಿನಿಗಳು ಕ್ರಮವಾಗಿ ನಿಯೋಗಕ್ಕೆ ಒಪ್ಪುತ್ತಾರೆ. ನಿಯೋಗವೆಂದರೆ ಗಂಡನ ಅಥವಾ ಕುಲದ ಹಿರಿಯರ ಅನುಮತಿಯಿಂದ, ಕಾಮದ ಸೋಂಕಿಲ್ಲದೆ, ಸಂತಾನಕ್ಕಾಗಿ ಮಾತ್ರ ಪರಪುರುಷನನ್ನು ಕೂಡುವ ವ್ಯವಸ್ಥೆ; ಹುಟ್ಟಿದ ಮಗು ಕ್ಷೇತ್ರಜ, ಅಂದರೆ ಹೆಂಡತಿಯೆಂಬ ಹೊಲದ ಒಡೆಯನಾದ ಗಂಡನದು. ಶಾಸ್ತ್ರ ಇಷ್ಟು ಸರಳವಾಗಿ ಹೇಳಿದ್ದನ್ನು ದೇಹ ಮತ್ತು ಮನಸ್ಸು ಹಾಗೆ ಒಪ್ಪುವುದಿಲ್ಲವೆಂದು ಕಾದಂಬರಿ ತೋರಿಸುತ್ತದೆ. ತಾನೇ ಒತ್ತಾಯಿಸಿದ ಏರ್ಪಾಟಿನಿಂದ ತಾನೇ ಬೇಯುವ ಗಂಡ, ಕರ್ತವ್ಯವೆಂದು ಹೊರಟು ತನ್ನ ಮೈ ಎಚ್ಚೆತ್ತದ್ದನ್ನು ಕಂಡು ಬೆರಗಾಗುವ ಹೆಂಡತಿ, ಈ ಇಬ್ಬರ ನಡುವಿನ ಮಾತುಗಳು ಕಡಿಮೆಯಾಗುತ್ತ ಹೋಗುವ ರೀತಿ ಭೈರಪ್ಪನವರ ಬೇರಾವ ಕಾದಂಬರಿಯಲ್ಲೂ ಕಾಣದ ಸಂಯಮದಿಂದ ಬಂದಿದೆ.

ನಿಯೋಗವೆಂದರೆ ಹಳೆಯ ಕಾಲದ ವೀರ್ಯದಾನವೆಂಬ ಮಾತು ಭಾಷಣಗಳಲ್ಲೂ ಲೇಖನಗಳಲ್ಲೂ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ ಅದನ್ನು ತಡೆದು ನಿಲ್ಲಿಸುವುದು ಅಗತ್ಯ. ನಿಯೋಗದಲ್ಲಿ ದಾನಿಯ ಹೆಸರು, ಕುಲ, ಗುಣ ಎಲ್ಲರಿಗೂ ಗೊತ್ತು. ಭಾರತದಲ್ಲಿ 2021ರಲ್ಲಿ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯಡಿ ದಾನಿ 21ರಿಂದ 55 ವರ್ಷದೊಳಗಿನ ಅಜ್ಞಾತ ವ್ಯಕ್ತಿ, ಅವನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ, ಮಗು ಚಿಕಿತ್ಸೆ ಪಡೆದ ದಂಪತಿಗೇ ಹುಟ್ಟಿದ ಮಗುವೆಂದು ಕಾನೂನು ಸಾರುತ್ತದೆ. ಎರಡನ್ನೂ ಒಂದೆನ್ನುವವರು ಕಾದಂಬರಿಯ ನಡುವೆಯೇ ಇರುವ ವ್ಯಾಜ್ಯವನ್ನು ಓದಿಲ್ಲ. ಪಾಂಡವರು ಪಾಂಡುವಿಗೆ ಹುಟ್ಟಿದವರಲ್ಲ, ಆದ್ದರಿಂದ ಅವರಿಗೆ ರಾಜ್ಯದ ಪಾಲಿಲ್ಲ ಎಂಬುದೇ ಇಲ್ಲಿ ದುರ್ಯೋಧನನ ವಾದ, ಮತ್ತು ಆ ವಾದ ಭೀಷ್ಮನನ್ನು ಎಷ್ಟು ಕಲಕುತ್ತದೆಂದರೆ ಯುದ್ಧದ ಹೊಸಿಲಲ್ಲಿ ಅವನು ದ್ವೈಪಾಯನನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ದ್ವೈಪಾಯನನೇ ಧೃತರಾಷ್ಟ್ರ, ಪಾಂಡು ಇಬ್ಬರನ್ನೂ ನಿಯೋಗದಿಂದ ಹುಟ್ಟಿಸಿದವನು. ದುರ್ಯೋಧನನ ವಾದವನ್ನು ಒಪ್ಪಿದರೆ ಅವನ ತಂದೆಯ ಹಕ್ಕೂ ಉರುಳುತ್ತದೆ. ಒಂದು ತಲೆಮಾರಿಗೆ ಧರ್ಮವಾದದ್ದು ಮುಂದಿನ ತಲೆಮಾರಿಗೆ ಬೈಗುಳವಾಗುವ ಈ ಬದಲಾವಣೆಯನ್ನು ಯಾವ ಕಾಯಿದೆಯ ಕಲಮೂ ಮನೆಯೊಳಗೆ ತಡೆಯಲಾರದು, ಮತ್ತು ದಾನಿವೀರ್ಯದ ಮಾತನ್ನು ಅಜ್ಜ ಅಜ್ಜಿಯರಿಂದ ಮುಚ್ಚಿಡುವ ದಂಪತಿಗಳು ಅಂಜುವುದು ಈ ದುರ್ಯೋಧನನಿಗೇ.

ಭೈರಪ್ಪನವರು ಕಾದಂಬರಿಕಾರರಿಗಿಂತ ಚರ್ಚಾಪಟುವೆಂದು ಯು. ಆರ್. ಅನಂತಮೂರ್ತಿಯವರು 2007ರ 'ಆವರಣ'ದ ವಿವಾದದ ಹೊತ್ತಿಗೆ ತಳೆದ ನಿಲುವು ಬಹಳ ಮಂದಿಗೆ ಓದುವ ಶ್ರಮವನ್ನೇ ಉಳಿಸಿಕೊಟ್ಟಿತು. ಆ ನಿಲುವು 'ಆವರಣ'ಕ್ಕೆ ಹೊಂದಬಹುದು, 'ವಂಶವೃಕ್ಷ'ದ ಕೆಲವು ಭಾಗಗಳಿಗೂ ಹೊಂದಬಹುದು. ಕುಂತಿಯ ಈ ಭಾಗವನ್ನು ಅದು ವಿವರಿಸಲಾರದು. ನಿಜಕ್ಕೂ ಈ ವಿಷಯದಲ್ಲಿ ಅತಿಯಾದ ಹೊಗಳಿಕೆ ಪಡೆದಿರುವ ಕೃತಿ 1965ರ 'ವಂಶವೃಕ್ಷ', ಮತ್ತು ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಅದನ್ನು ಚಿತ್ರವಾಗಿಸಿದ ಮೇಲೆ ಆ ಹೊಗಳಿಕೆ ಇನ್ನಷ್ಟು ಬೆಳೆಯಿತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ತಾವು ಕಾಪಾಡಿಕೊಂಡು ಬಂದ ವಂಶ ತಮ್ಮದೇ ಅಲ್ಲವೆಂದು, ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟಕ್ಕೆ ಪರಪುರುಷನಿಂದ ಪಡೆದ ಮಗ ತಾವೆಂದು ತಿಳಿಯುವ ಪ್ರಸಂಗವನ್ನು ಕನ್ನಡ ವಿಮರ್ಶೆ ಪರಂಪರೆಯ ಕುಸಿತವೆಂದೋ ಪರಂಪರೆಯ ಉದಾತ್ತೀಕರಣವೆಂದೋ ಜಗಳವಾಡಿದೆ. ಆ ಜಗಳದಲ್ಲಿ ಶ್ರೋತ್ರಿಗಳ ತಾಯಿಯ ಪಾಡೇನೆಂದು ಕೇಳಿದವರು ಕಡಿಮೆ. ಮಕ್ಕಳಾಗದ ಗಂಡನ ಆಜ್ಞೆಗೆ ಮೈಯೊಡ್ಡಿದ ಆ ಹೆಂಗಸು ಕಾದಂಬರಿಯಲ್ಲಿ ಒಂದು ಮಾಹಿತಿಯಷ್ಟೇ. ಅದೇ ಹೊತ್ತಿಗೆ ಶ್ರೋತ್ರಿಗಳ ಸೊಸೆ, ಮರುಮದುವೆಯಾದ ಕಾತ್ಯಾಯಿನಿಯ ಗರ್ಭಗಳು ಒಂದರ ಮೇಲೊಂದು ಜಾರುವುದನ್ನು ಲೇಖಕರು ವಿವರವಾಗಿ ಬರೆಯುತ್ತಾರೆ. ಗಂಡಸಿನ ಬಂಜೆತನ ಅಲ್ಲಿ ಕಥೆಯ ತಿರುವು, ಹೆಂಗಸಿನ ಗರ್ಭಪಾತ ನೈತಿಕ ತೀರ್ಪು. ಹದಿನಾಲ್ಕು ವರ್ಷಗಳ ನಂತರ ಅದೇ ಲೇಖಕರು ಆ ತಾಯಿಗೆ ಕೊಡದಿದ್ದ ಮಾತನ್ನು ಕುಂತಿಗೆ ಕೊಟ್ಟರು.

ಪಾಂಡುವಿಗೆ ಮಾತ್ರ ಆ ಮಾತು ಸಿಗಲಿಲ್ಲ. ಶಲ್ಯ, ಕುಂತಿ, ದ್ರೌಪದಿ, ಭೀಮ, ಅರ್ಜುನ, ಕರ್ಣ, ಭೀಷ್ಮ ಎಲ್ಲರ ಮನಸ್ಸಿನೊಳಕ್ಕೂ ಹೊಕ್ಕ ಕಾದಂಬರಿ ಅವನನ್ನು ಯಾವಾಗಲೂ ಇನ್ನೊಬ್ಬರ ನೆನಪಿನಲ್ಲಿ, ಸಿಟ್ಟು, ಸಂಶಯ, ಹಂಬಲಗಳ ಮೊತ್ತವಾಗಿ ತೋರಿಸುತ್ತದೆ. ಸತ್ತವನು ಸ್ವಗತ ಹೇಳಲಾರನೆಂಬುದು ಕಾದಂಬರಿಯ ವಿನ್ಯಾಸದ ನಿಯಮವೆಂದು ಒಪ್ಪಿದರೂ, ಔಷಧ ಕುಡಿದು ಕಾದ ದಿನಗಳನ್ನು, ಬೇರೊಬ್ಬನ ಮಗನನ್ನು ಮೊದಲ ಬಾರಿ ಎತ್ತಿಕೊಂಡ ಗಳಿಗೆಯನ್ನು, ಆ ಮಗು ತನ್ನದೇ ಆಗುತ್ತ ಬಂದದ್ದನ್ನು ಅವನ ಒಳಗಿನಿಂದ ಕಾಣಿಸಲು ಕುಂತಿಯ ನೆನಪಿನಲ್ಲೇ ಎಡೆಯಿತ್ತು. ಹೆಂಡತಿಯಾದವಳು ಗಂಡನ ಅಂಥ ಮಾತುಗಳನ್ನು ಮರೆಯುವವಳಲ್ಲ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ಬಂದ ಬರಹಗಳಲ್ಲಿ 'ಪರ್ವ'ದ ಹೆಸರು ಎಲ್ಲೆಡೆ ಇತ್ತು. ಆ ಕೃತಿಯ ಮುಂದಿನ ಓದು ಪಾಂಡುವಿನ ಈ ಗೈರುಹಾಜರಿಯಿಂದ ಆರಂಭವಾಗಬೇಕಾಗಿದೆ, ಏಕೆಂದರೆ ವೀರ್ಯಪರೀಕ್ಷೆಯ ವರದಿ ಹಿಡಿದು ವೈದ್ಯರ ಕೋಣೆಯಿಂದ ಹೊರಬಂದ ಗಂಡಸು ತನ್ನ ಮನಸ್ಸಿನಲ್ಲಿ ಏನೆಂದುಕೊಂಡನೆಂಬುದನ್ನು ಅವನ ದನಿಯಲ್ಲೇ ಬರೆಯುವ ಕೆಲಸವನ್ನು 'ಪರ್ವ'ದಂಥ ಕಾದಂಬರಿಯೂ ಕೈಗೆತ್ತಿಕೊಳ್ಳಲಿಲ್ಲ.