ಬಿಳಿಯದೆಲ್ಲ ಹಿಟ್ಟು ತಿಗಣೆಯಲ್ಲ

ಕುಂಡದ ನಿಂಬೆಗಿಡದಲ್ಲಿ ಹತ್ತಿ ಅಂಟಿಸಿದಂಥ ಹಿಟ್ಟು ತಿಗಣೆ ಕಂಡೊಡನೆ ಬೆಂಗಳೂರಿನ ಸುಲ್ತಾನ್‌ಪೇಟೆಯ ತಾರಸಿ ತೋಟಗಾರರು ಔಷಧಿ ತರಲು ಹೊರಡುತ್ತಾರೆ. ದಯವಿಟ್ಟು ಮೊದಲು ಭೂತಕನ್ನಡಿ ಹಿಡಿದು ನೋಡಿ. ಆ ಬಿಳಿ ಗುಂಪಿನಲ್ಲಿ ಮಿಕ್ಕವಕ್ಕಿಂತ ದೊಡ್ಡದಾಗಿ, ಮೈತುಂಬ ಉದ್ದುದ್ದ ಮೇಣದ ಎಳೆ ಹೊತ್ತು ಚುರುಕಾಗಿ ಓಡಾಡುವುದೊಂದು ಇದ್ದರೆ ಅದು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವಿನ ಮರಿ. ಬೆಳೆದರೆ ಕಿತ್ತಳೆ ತಲೆಯ, ಕಪ್ಪು ಬೆನ್ನಿನ ಪುಟ್ಟ ಜೀರುಂಡೆ. ಹೆಸರು ಕ್ರಿಪ್ಟೊಲೀಮಸ್. ಕಾಫಿಯ ಹಸಿರು ಶಲ್ಕ ಕೀಟವನ್ನು ಹತ್ತಿಕ್ಕಲೆಂದು 1898ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದರು. ಆ ಕೆಲಸ ಅದರಿಂದ ಆಗಲಿಲ್ಲ. ಆದರೆ ಹಿಟ್ಟು ತಿಗಣೆ ಅದಕ್ಕೆ ಒಗ್ಗಿತು, ನಮ್ಮ ನೆಲವೂ ಒಗ್ಗಿತು. ಇಂಥ ಮಿತ್ರಕೀಟಗಳನ್ನೂ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಮ್ಮ ಹೆಬ್ಬಾಳದಲ್ಲಿದೆ. ಹೀಗಿರುವಾಗ ಗುರುತು ಸಿಗದೆ ಆ ಮರಿಯನ್ನೇ ಹೊಸಕಿಹಾಕುವುದು ನನಗೆ ತೀರಾ ನೋವಿನ ಸಂಗತಿ.

ಗುಲಗಂಜಿ ಹುಳು ಬಂದರೂ ನಿಲ್ಲದಿರಲು ಕಾರಣ ಇರುವೆ. ತಿಗಣೆ, ಸಸ್ಯಹೇನು, ಶಲ್ಕ ಕೀಟಗಳು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಮಿತ್ರಕೀಟಗಳನ್ನು ಓಡಿಸುತ್ತವೆ. ಎಲೆಗೆ ಕಪ್ಪು ಬೂಜು ಹಿಡಿಯುವುದೂ ಆ ಅಂಟಿನ ಮೇಲೆಯೇ. ಕಾಂಡಕ್ಕೆ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ಕೊಂಬೆ ಗೋಡೆಗಾಗಲಿ ಬಟ್ಟೆ ಒಣಹಾಕುವ ತಂತಿಗಾಗಲಿ ತಾಗಬಾರದು. ಪೇಟೆಯ ಧೂಳೂ ಶತ್ರುಪಕ್ಷವೇ: ಎಲೆಯ ಮೇಲೆ ಕೂತರೆ ಸಣ್ಣ ಪರಾವಲಂಬಿ ಕಣಜಗಳಿಗೆ ಬೇಟೆ ಕಷ್ಟ. ವಾರಕ್ಕೊಮ್ಮೆ ಬೆಳಗ್ಗೆ ಎಲೆಯ ಅಡಿಗೂ ತಾಗುವಂತೆ ನೀರು ಹಾಯಿಸಿ.

ಎಲೆಯಲ್ಲಿ ಬೆಳ್ಳಿಗೆರೆ ಎಳೆಯುವ ರಂಗೋಲಿ ಹುಳು ಎಳೆಚಿಗುರನ್ನಷ್ಟೇ ಹಿಡಿಯುತ್ತದೆ. ಬಲಿತ ಎಲೆ ಸುರುಟಿದ್ದರೂ ಅಡುಗೆ ಮಾಡಿ ಗಿಡಕ್ಕೆ ಉಣಿಸುತ್ತಲೇ ಇರುತ್ತದೆ, ಕೀಳಬೇಡಿ. ಆದರೆ ಆ ಗಾಯದಿಂದ ಕಜ್ಜಿ ರೋಗ ಒಳನುಗ್ಗುವುದುಂಟು. ಹಾಗಾಗಿ ಹೊಸ ಚಿಗುರು ಒಡೆದಾಗಲೇ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯುವಷ್ಟು ಸೋಪಿನ ನೀರು ಕಲಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಕ್ರಿಪ್ಟೊಲೀಮಸ್ ಮರಿ ಇರುವ ಕೊಂಬೆಯನ್ನು ಬಿಟ್ಟುಬಿಡಿ. ಹಿಂಡಿ ಗೊಬ್ಬರವನ್ನು ಮಿತಿಮೀರಿ ಸುರಿದರೆ ಸೊಕ್ಕಿದ ಚಿಗುರು ಬಂದು ರಂಗೋಲಿ ಹುಳುವಿಗೇ ಹಬ್ಬ.

ಹಕ್ಕಿಯ ಹಿಕ್ಕೆಯಂತೆ ಎಲೆಯ ಮೇಲೆ ಕೂತದ್ದು ನಿಂಬೆ ಚಿಟ್ಟೆಯ ಮರಿ. ಮುಟ್ಟಿದರೆ ಕೊಂಬು ಚಾಚಿ ವಾಸನೆ ಬಿಡುತ್ತದೆ, ಹೆದರಬೇಡಿ, ಕಚ್ಚುವುದಿಲ್ಲ. ದೊಡ್ಡ ಗಿಡವಾದರೆ ಒಂದೆರಡನ್ನು ತಿನ್ನಲು ಬಿಡಿ. ಎಳೆ ಸಸಿಯಾದರೆ ಮೆಲ್ಲಗೆ ಎತ್ತಿ ಪಕ್ಕದ ಕರಿಬೇವಿಗೋ ಬಿಲ್ವಕ್ಕೋ ಸೇರಿಸಿ, ಅಲ್ಲಿಯೂ ಅದು ಬೆಳೆಯುತ್ತದೆ.